ಸ್ವಂತ ಹೆಂಡತಿಗೂ ಎರಡನೇ ಸ್ಥಾನ

ನನ್ನ ಅಕ್ಷರ ಚೆನ್ನಾಗಿಲ್ಲ. ಸಾಲು ಬಲಕ್ಕೆ ಹೋಗುತ್ತಾ ಹೋಗುತ್ತಾ ಮೇಲಕ್ಕೆ ಹತ್ತುತ್ತದೆ, ಒತ್ತಕ್ಷರಗಳು ಕೆಳಗಿನ ಸಾಲಿನ ತಲೆಯ ಮೇಲೆ ಕೂರುತ್ತವೆ. ಅಚ್ಚು ಜೋಡಿಸುವವರು ಕ್ಷಮಿಸಬೇಕು. ಪದಗಳೂ ನನ್ನ ಬಳಿ ಹೆಚ್ಚಿಲ್ಲ. ಒಂಬತ್ತನೇ ತರಗತಿಯಲ್ಲಿ ಶಾಲೆ ಬಿಟ್ಟವಳು ನಾನು. ಎದ್ದು ನಿಂತು ಪಾಠ ಓದು ಎಂದರೆ ಗಂಟಲು ಕಟ್ಟುತ್ತಿತ್ತು. ಒಂದು ದಿನ ಹೋಗಲಿಲ್ಲ, ಮರುದಿನ ಹೋಗುವುದು ಇನ್ನೂ ಕಷ್ಟವಾಯಿತು, ಹಾಗೇ ನಿಂತಿತು.

ಆದರೂ ಈ ಪುಸ್ತಕದ ಕೊನೆಗೆ ಹಾಕಲು, ಪುಸ್ತಕ ಮಾಡಿದವರ ಜೀವನ ಪರಿಚಯವನ್ನು ಬರೆದುಕೊಡು ಎಂದು ಪ್ರೆಸ್ಸಿನವರು ನನಗೇ ಹೇಳಿದ್ದಾರೆ. ಪುಸ್ತಕದ ಪ್ರತಿ ಪುಟವನ್ನೂ ಕೈಯಿಂದ ನಕಲು ಮಾಡಿದವಳು ನಾನೇ. ಪುಸ್ತಕ ಮಾಡಿದವರು ನನ್ನ ಸೋದರಮಾವ. ಅವರೂ ಒಪ್ಪಿದರು. "ನನ್ನ ಬಗ್ಗೆ ನಾನೇ ಬರ್ಕೊಂಡ್ರೆ ಜನ ನಗ್ತಾರೆ. ನೀನು ಬರಿ. ಆದ್ರೆ ನಾನು ಹೇಳಿದ ಹಾಗೆ ಬರಿ," ಎಂದರು. ಅವರು ಹೇಳಿದ್ದನ್ನೆಲ್ಲ ಬರೆಯುತ್ತೇನೆ. ಹೇಳದೆ ಬಿಟ್ಟದ್ದನ್ನೂ ಬರೆಯುತ್ತೇನೆ.

ಒಂದು ಕಾಲದಲ್ಲಿ ಹಾಡಿನ ರೆಕಾರ್ಡ್ ಮಾರುವ ಅಂಗಡಿಯವರಿಗಾಗಿಯೇ ಇಲ್ಲಿ ಎರಡು ವಾರಪತ್ರಿಕೆಗಳು ಬರುತ್ತಿದ್ದವು. ಒಂದರ ಹೊದಿಕೆ ಕೆಂಪು, ಇನ್ನೊಂದರದು ನೀಲಿ. ಎರಡರ ನಡುಪುಟದಲ್ಲೂ ಆ ವಾರ ಹೆಚ್ಚು ಖರ್ಚಾದ ನಲವತ್ತು ಹಾಡುಗಳ ಪಟ್ಟಿ ಇರುತ್ತಿತ್ತು. ಒಂದೇ ಊರು, ಅವೇ ಅಂಗಡಿಗಳು, ಅದೇ ವಾರ. ಪಟ್ಟಿಗಳು ಮಾತ್ರ ಎತ್ತು ಏರಿಗೆ, ಕೋಣ ನೀರಿಗೆ. ಕೆಂಪು ಪತ್ರಿಕೆಯ ಪಟ್ಟಿ ಮಾಡುತ್ತಿದ್ದವರು ಮಾವ.

ಪಟ್ಟಿ ಮಾಡುವ ರೀತಿಯನ್ನು ಅವರೇ ನನಗೆ ವಿವರಿಸಿದ್ದಾರೆ. ಸೋಮವಾರ ಅಂಗಡಿಗಳಿಗೆ ಫೋನ್ ಮಾಡಿ ಯಾವುದು ಓಡುತ್ತಿದೆ ಎಂದು ಕೇಳುವುದು. ಅಂಗಡಿಯವನು ತನ್ನ ಗೋದಾಮಿನಲ್ಲಿ ಕೊಳೆಯುತ್ತಿರುವ ರೆಕಾರ್ಡಿನ ಹೆಸರನ್ನೇ ಮೊದಲು ಹೇಳುತ್ತಿದ್ದ, ಪತ್ರಿಕೆಯಲ್ಲಿ ಮೇಲೆ ಬಂದರೆ ಅದು ಖರ್ಚಾಗುತ್ತದಲ್ಲ! ಮಾವ ಅದನ್ನು ಬರೆದುಕೊಳ್ಳುತ್ತಿದ್ದರು. ಇದಕ್ಕೆ ಅವರು ಕೊಟ್ಟ ಹೆಸರು "ಮಾರುಕಟ್ಟೆಯ ನಾಡಿ." ನೀಲಿ ಪತ್ರಿಕೆಯಲ್ಲಿ ಇದೇ ಕೆಲಸ ಮಾಡುತ್ತಿದ್ದವರಿಗೆ ಅವರು ಇಟ್ಟ ಹೆಸರು "ಊಟದ ಲೆಕ್ಕಿಗ." ರೆಕಾರ್ಡ್ ಕಂಪನಿಯವರು ಊಟ ಹಾಕಿಸಿದ ವಾರ ಆ ಕಂಪನಿಯ ಹಾಡು ಮೇಲೇರುತ್ತಿತ್ತಂತೆ. ಆ ಲೆಕ್ಕಿಗರು ಮಾವನಿಗೆ ಏನು ಹೆಸರಿಟ್ಟಿದ್ದರೋ ಗೊತ್ತಿಲ್ಲ. ಒಳ್ಳೆಯದನ್ನೇ ಇಟ್ಟಿರಬೇಕು.

ಇಷ್ಟು ಕಾಲ ಹಾಡುಗಳನ್ನು ಏರಿಸಿ ಇಳಿಸಿದ ಮಾವನಿಗೆ ಅವುಗಳಲ್ಲಿ ಒಂದೂ ಬರುವುದಿಲ್ಲ. "ಕೇಳೋದು ನಮ್ಮ ಕೆಲಸ ಅಲ್ಲ," ಎನ್ನುತ್ತಾರೆ. ಪಕ್ಕದ ಮನೆಯ ರೇಡಿಯೋದಲ್ಲಿ ಹಳೆಯ ಹಾಡು ಬಂದರೆ ಎದ್ದು ಹೋಗಿ ಕಿಟಕಿ ಮುಚ್ಚುತ್ತಾರೆ. "ಹದಿನೇಳು. ಅಷ್ಟೇ ಇದರ ಯೋಗ್ಯತೆ."

ಪತ್ರಿಕೆಗಳು ಎರಡೂ ಮುಚ್ಚಿ ಹೋದವು. ಯಾರೂ ಅತ್ತಂತೆ ಕಾಣುವುದಿಲ್ಲ. ಮಾವ ಎರಡರ ಹಳೆಯ ಸಂಚಿಕೆಗಳನ್ನೂ ತಂದು ನಡುಮನೆಯಲ್ಲಿ ಸೊಂಟದೆತ್ತರಕ್ಕೆ ಪೇರಿಸಿದರು. ಎರಡು ಪಟ್ಟಿಗಳನ್ನೂ ವಾರ ವಾರ ಹೋಲಿಸಿ, ನಿಜವಾದ ಒಂದೇ ಪಟ್ಟಿ ಮಾಡಿ ಪುಸ್ತಕವಾಗಿ ತರುವುದು ಅವರ ಆಸೆ. ಕಣ್ಣಿಗೆ ಪೊರೆ ಬಂದಿದ್ದರಿಂದ ಬರೆಯಲು ಒಬ್ಬರು ಬೇಕಾಗಿತ್ತು. ಶಾಲೆ ಬಿಟ್ಟು ಮೂಲೆಯಲ್ಲಿ ಕೂತಿದ್ದ ನನ್ನನ್ನು ಅಮ್ಮ ಇಲ್ಲಿಗೆ ಕಳಿಸಿದಳು.

ಕೆಲಸ ಹೀಗೆ. ಕೆಂಪು ಪಟ್ಟಿಯನ್ನು ಎಡಕ್ಕೆ, ನೀಲಿ ಪಟ್ಟಿಯನ್ನು ಬಲಕ್ಕೆ ನಾನು ಬರೆಯಬೇಕು. ಬೇರೆಯಾದ ಕಡೆ ಗುರುತು ಹಾಕಬೇಕು. ಗಟ್ಟಿಯಾಗಿ ಓದಲು ನನಗೆ ಆಗುವುದಿಲ್ಲವಾದ್ದರಿಂದ ಅತ್ತೆ, ಎಂದರೆ ಮಾವನ ಹೆಂಡತಿ, ಮಾವನಿಗೆ ಓದಿ ಹೇಳುತ್ತಿದ್ದರು. ಗುರುತು ಬಂದಾಗಲೆಲ್ಲ ಮಾವ ಕಣ್ಣು ಮುಚ್ಚಿ, ತುಟಿ ಒತ್ತಿ ಹಿಡಿದು ಯೋಚಿಸುತ್ತಿದ್ದರು. ಆಮೇಲೆ "ಕೆಂಪು" ಎನ್ನುತ್ತಿದ್ದರು. ಒಂದು ಸಲವೂ ನೀಲಿ ಎಂದದ್ದಿಲ್ಲ. ಆದರೂ ಯೋಚಿಸುವುದನ್ನು ಬಿಟ್ಟವರಲ್ಲ.

ತಪ್ಪಾಯಿತು, ಒಂದು ಸಲ ನೀಲಿ ಎಂದಿದ್ದಾರೆ. ಕೆಂಪು ಪತ್ರಿಕೆಯ ಅಚ್ಚಿನವರು ಮುಷ್ಕರ ಹೂಡಿದ ವಾರ ಕೆಂಪು ಪಟ್ಟಿಯೇ ಇರಲಿಲ್ಲ. ಅದಕ್ಕಾಗಿ ಮಾವ ಮುನ್ನುಡಿಯಲ್ಲಿ ನಿಯಮ ಮಾಡಿದರು: "ಕೆಂಪು ಪತ್ರಿಕೆ ಎಣಿಸದ ವಾರ ನೀಲಿ ಪತ್ರಿಕೆಯ ಪಟ್ಟಿಯನ್ನು ತೆಗೆದುಕೊಂಡಿದೆ." ಈ ಸಾಲನ್ನು ನಾನೇ ಬರೆದದ್ದು. ಓದುವವರು ದಯವಿಟ್ಟು ನೆನಪಿಟ್ಟುಕೊಳ್ಳಬೇಕು.

ಇನ್ನು ಅತ್ತೆಯ ವಿಷಯ. ಅತ್ತೆ ಚಿಕ್ಕ ವಯಸ್ಸಿನಲ್ಲಿ ಒಂದು ಹಾಡು ಹಾಡಿ ರೆಕಾರ್ಡ್ ಮಾಡಿದ್ದರು. ಅದು ಓಡಿತು. ಪಟ್ಟಿಗೆ ಬಂತು. ತನ್ನ ಹಾಡು ಎಷ್ಟನೇ ಸ್ಥಾನದಲ್ಲಿದೆ ಎಂದು ಕೇಳಲು ಕೆಂಪು ಪತ್ರಿಕೆಯ ಕಚೇರಿಗೆ ಹೋದಾಗಲೇ ಮಾವ ಅವರನ್ನು ನೋಡಿದ್ದು. ಮದುವೆಯಾದ ಮೇಲೆ ಅತ್ತೆ ಹಾಡಲಿಲ್ಲ. "ಪಟ್ಟಿ ಮಾಡೋನ ಹೆಂಡತಿ ಪಟ್ಟೀಲಿ ಇರಬಾರದು" ಎಂದು ಮಾವ ಹೇಳಿದರಂತೆ. ಮನೆಯಲ್ಲಿ ಆ ರೆಕಾರ್ಡ್ ಒಂದೇ ಒಂದು ಇದೆ. ಕಿಟಕಿಯ ಬಿಸಿಲಿಗೆ ಬಿದ್ದು ಹಪ್ಪಳದಂತೆ ಸುರುಟಿ ಹೋಗಿದೆ, ಮುಳ್ಳು ನಿಲ್ಲುವುದಿಲ್ಲ. ಅತ್ತೆ ಪಾತ್ರೆ ತೊಳೆಯುವಾಗ ಅದನ್ನು ಗುನುಗುತ್ತಾರೆ. ಮಾವನ ಚಪ್ಪಲಿ ಸದ್ದಾದರೆ ನಿಲ್ಲಿಸುತ್ತಾರೆ.

ಆ ಹಾಡು ನೀಲಿಯಲ್ಲಿ ಒಂದು ವಾರ ಒಂದನೇ ಸ್ಥಾನದಲ್ಲಿತ್ತು, ಕೆಂಪಿನಲ್ಲಿ ಎರಡನ್ನು ದಾಟಲಿಲ್ಲ. ಮಾವನ ಹೆಸರು ನಿಂತಿರುವುದೇ ಈ ಎರಡರ ಮೇಲೆ. ಭಾನುವಾರ ಹಳೆಯ ಪಟ್ಟಿಗಳ ಹುಚ್ಚಿನ ಮೂರು ನಾಲ್ಕು ಜನ ಮನೆಗೆ ಬರುತ್ತಾರೆ. ಯಾರಿಗೂ ಬೇಡವಾದ ಹಾಡೊಂದು ಹದಿನಾರೋ ಹದಿನೇಳೋ ಎಂದು ಆಸ್ತಿ ಭಾಗ ಮಾಡುವವರಂತೆ ಜಗಳವಾಡುತ್ತಾರೆ. ಅವರಲ್ಲಿ ಒಬ್ಬರು, ಗಡಿಯಾರ ರಿಪೇರಿಯವರು, ಹೋದ ತಿಂಗಳೂ ಕೇಳಿದರು.

"ಸಾರ್, ನಿಮ್ಮ ಮನೆಯವರ ಹಾಡಿನ ವಿಷಯ ಇನ್ನೊಂದ್ಸಲ ಹೇಳಿ ಸಾರ್."

ಮಾವ ಹಿಂದಕ್ಕೆ ಒರಗಿದರು. "ಹೇಳೋದೇನು? ಇವಳನ್ನೇ ಮದುವೆ ಆಗೋದು ಅಂತ ಗೊತ್ತಾಗಿತ್ತು. ನೀಲಿಯವನು ಇವಳ ಹಾಡನ್ನ ಒಂದಕ್ಕೆ ತಂದು ಕೂರಿಸಿದ. ನನ್ನ ಕೈಯಲ್ಲೂ ಪೆನ್ನಿತ್ತಲ್ಲ? ಎಣಿಸಿದೆ, ಎರಡು ಬಂತು, ಎರಡು ಅಂತ ಬರೆದೆ. ಸ್ವಂತ ಹೆಂಡತಿಗೂ ಎರಡನೇ ಸ್ಥಾನ!"

"ಇಂಥವರು ಈಗೆಲ್ಲಿದ್ದಾರೆ ಸಾರ್!"

"ಇನ್ನೊಬ್ರು ಇದ್ದಿದ್ರೆ ಇನ್ನೊಬ್ಬಳ ಗತಿ ಏನಾಗ್ತಿತ್ತೋ," ಎಂದು ಅತ್ತೆ ಟೀ ಲೋಟಗಳನ್ನು ಎತ್ತಿಕೊಂಡು ಒಳಗೆ ಹೋದರು. ಎಲ್ಲರೂ ನಕ್ಕರು. ಮಾವನೂ ನಕ್ಕರು, ಅದು ಹೊಗಳಿಕೆ ಎಂದುಕೊಂಡು.

ಈಚೆಗೆ ಹಳೆಯ ಹಾಡುಗಳ ಕಂಪನಿಯೊಂದು ಮಾವನಿಗೆ ಬರೆದಿತ್ತು. ಈ ಪುಸ್ತಕದಲ್ಲಿ ಒಂದನೇ ಸ್ಥಾನ ಪಡೆದ ಹಾಡುಗಳನ್ನು ಮಾತ್ರ ಅವರು ಮತ್ತೆ ಹೊರತರುತ್ತಾರಂತೆ. ಅತ್ತೆ ಆ ದಿನ ಊಟಕ್ಕೆ ಬಡಿಸುತ್ತಾ ಮೆಲ್ಲಗೆ ಕೇಳಿದರು.

"ರೀ, ನೀಲೀಲಿ ಒಂದು ಅಂತ ಪಕ್ಕದಲ್ಲಿ ಚಿಕ್ಕದಾಗಾದ್ರೂ ಹಾಕಿ. ನನ್ನ ದನಿ ಆಗ ಹೇಗಿತ್ತೋ ಮರೆತೇ ಹೋಗಿದೆ. ಒಂದ್ಸಲ ಕೇಳ್ಬೇಕು ಅಂತ."

"ನಿನ್ನ ಆಸೆಗೆ ಚರಿತ್ರೆ ತಿದ್ದೋಕಾಗುತ್ತಾ? ನೀರು ಕೊಡು."

ಅತ್ತೆ ನೀರು ಕೊಟ್ಟರು.

ಮುಂದಿನ ವಾರ ನಾನು ಅತ್ತೆಯ ಹಾಡಿರುವ ಸಂಚಿಕೆಗಳಿಗೆ ಬಂದೆ. ಕೆಂಪು ಪಟ್ಟಿಯನ್ನು ಬರೆಯುತ್ತಾ ಹೋದಂತೆ ನನಗೆ ಹೆದರಿಕೆಯಾಯಿತು, ಹಿಂದಿನ ವಾರದ್ದನ್ನೇ ಮತ್ತೆ ನಕಲು ಮಾಡುತ್ತಿದ್ದೇನೆ ಎಂದು. ಹೊದಿಕೆ ನೋಡಿದೆ. ತಾರೀಖು ಬೇರೆ. ಹಾಡುಗಳು ಮಾತ್ರ ನಲವತ್ತಕ್ಕೆ ನಲವತ್ತೂ ಕೂತ ಜಾಗದಲ್ಲೇ ಕೂತಿದ್ದವು. ಹಾಡುಗಳೆಂದರೆ ಕಾದ ಕಾವಲಿಯ ಮೇಲಿನ ನೀರಹನಿ, ಹಾಗೆ ಕೂರುವ ಜಾತಿಯಲ್ಲ. ಪಟ್ಟಿಯ ಪ್ರತಿ ಸಾಲಿನ ಕೊನೆಯಲ್ಲಿ "ಹೋದ ವಾರದ ಸ್ಥಾನ" ಎಂಬ ಕಾಲಂ ಇರುತ್ತದೆ. ಅತ್ತೆಯ ಹಾಡಿನ ಎದುರಿಗೆ ಮೊದಲ ಸಂಚಿಕೆಯಲ್ಲಿ ಈ ವಾರ ಎರಡು, ಹೋದ ವಾರ ಐದು ಎಂದಿತ್ತು. ಎರಡನೇ ಸಂಚಿಕೆಯಲ್ಲೂ ಈ ವಾರ ಎರಡು, ಹೋದ ವಾರ ಐದು! ಹೋದ ವಾರ ಎರಡು ಎಂದಿರಬೇಕಾಗಿತ್ತಲ್ಲ? ಮತ್ತೆ ಮತ್ತೆ ನೋಡಿದೆ. ನೀಲಿಯಲ್ಲಿ ಆ ಹಾಡು ಒಂದನೇ ಸ್ಥಾನಕ್ಕೆ ಬಂದದ್ದೂ ಈ ಎರಡನೇ ಸಂಚಿಕೆಯ ವಾರವೇ. ಮಾವನನ್ನು ಕೇಳಲು ಧೈರ್ಯವಾಗಲಿಲ್ಲ. ಎರಡನ್ನೂ ಅಡುಗೆಮನೆಗೆ ಒಯ್ದು ಅತ್ತೆಗೆ ತೋರಿಸಿದೆ.

ಅತ್ತೆ ಕೈ ಒರೆಸಿಕೊಂಡು ಎರಡನೇ ಸಂಚಿಕೆಯ ತಾರೀಖನ್ನು ನೋಡಿದರು. ನೇರವಾಗಿ ಹಜಾರಕ್ಕೆ ಹೋದರು. ಅಲ್ಲಿ ಅವರ ಮದುವೆಯ ಫೋಟೋ ಇದೆ, ಕೆಳಗೆ ಸ್ಟುಡಿಯೋದವರು ತಾರೀಖು ಬರೆದಿದ್ದಾರೆ. ಸೆರಗಿನಿಂದ ಗಾಜು ಉಜ್ಜಿ ಓದಿದರು.

"ಇದು ನಮ್ಮ ಮದುವೆ ವಾರ ಕಣೇ ಮರಿ. ವರ್ಷಕ್ಕೊಂದ್ಸಲ ಕೆಂಪಿನವರು ಪ್ರೆಸ್ ಮುಚ್ಚಿ, ಮಷೀನ್ ಬಿಚ್ಚಿ ಎಣ್ಣೆ ಹಾಕ್ತಿದ್ರು. ಎರಡು ವಾರದ್ದು ಮೊದಲೇ ಅಚ್ಚು ಮಾಡಿ ಇಟ್ಟುಬಿಡೋರು. ರಜ ಸಿಗುತ್ತೆ ಅಂತಲೇ ಆ ವಾರ ಮದುವೆ ಇಟ್ಕೊಂಡಿದ್ದು."

"ಅಂದ್ರೆ ಆ ವಾರ ಯಾರೂ ಎಣಿಸ್ಲಿಲ್ವಾ ಅತ್ತೆ?"

ಅತ್ತೆ ನಗತೊಡಗಿದರು. ಸ್ಟೂಲಿನ ಮೇಲೆ ಕೂತು ನಕ್ಕರು. "ಎಣಿಸಿದೆ, ಎರಡು ಬಂತು ಅಂತಾರಲ್ಲೇ! ಹೊಸ ಕೋಟು ಹಾಕ್ಕೊಂಡು ನನ್ನ ಪಕ್ಕ ನಿಂತು ಎಣಿಸಿದ್ರಾ?" ನಗು ನಿಂತ ಮೇಲೆ ಉಳಿದದ್ದನ್ನು ಹೇಳಿದರು. ನೀಲಿಯಲ್ಲಿ ಒಂದು ಬಂದದ್ದು ಮದುವೆಯಾಗಿ ಎಷ್ಟೋ ದಿನದ ಮೇಲೆ ಯಾರೋ ಹೇಳಿ ಅವರಿಗೆ ತಿಳಿದದ್ದಂತೆ. ಆ ವಾರದ ಕೆಂಪು ಸಂಚಿಕೆಯನ್ನು ಅವರು ಎಂದೂ ಬಿಡಿಸಿ ನೋಡಿರಲಿಲ್ಲ. ಎರಡು, ಎರಡು ಎಂದು ಮನೆಯಲ್ಲೇ ಕಿವಿ ತುಂಬುವಾಗ ನೋಡುವುದೇನು?

ಆ ಸಂಜೆ ಊಟಕ್ಕೆ ಕೂತಾಗ ಅತ್ತೆ ಶುರು ಮಾಡಿದರು.

"ರೀ, ನಮ್ಮ ಮದುವೆ ಸೋಮವಾರ ಅಲ್ವಾ?"

"ಹೂಂ."

"ಅವತ್ತು ಎಷ್ಟು ಅಂಗಡಿಗೆ ಫೋನ್ ಮಾಡಿದ್ರಿ?"

ಮಾವನ ಕೈ ತಟ್ಟೆಯಲ್ಲೇ ನಿಂತಿತು. ಕುಂಬಳಕಾಯಿ ಕಳ್ಳ ಎಂದರೆ ಹೆಗಲು ಮುಟ್ಟಿ ನೋಡಿಕೊಂಡರು ಎಂಬ ಗಾದೆಯನ್ನು ನಾನು ಕಣ್ಣಾರೆ ಕಂಡೆ. "ಯಾರು ಹೇಳಿದ್ದು? ಈ ಮೂಗೀನಾ?"

"ಗೋಡೆ ಮೇಲಿನ ಫೋಟೋ ಹೇಳ್ತು."

"ಅಚ್ಚಾಗಿದೆ. ಅಚ್ಚಾಗಿದ್ದೇ ಲೆಕ್ಕ."

"ಅಚ್ಚಾಗಿದೆ ರೀ. ಎಣಿಸಿದ್ರಾ?"

"ಎಣಿಸಿದ್ರೂ ಎರಡೇ ಬರ್ತಿತ್ತು. ಅನುಭವದ ಮೇಲೆ ಹೇಳ್ತೀನಿ."

ನನ್ನ ಬಾಯಿಂದ ಮಾತು ಹೊರಟದ್ದು ನನಗೇ ಗೊತ್ತಾಗಲಿಲ್ಲ. "ಮಾವ, ಮುನ್ನುಡೀಲಿ ನೀವೇ ಹೇಳಿದ್ದೀರಿ. ಎಣಿಸದ ವಾರ ನೀಲಿ ಅಂತ. ಮುಷ್ಕರದ ವಾರ ಹಾಗೇ ಮಾಡಿದ್ವಿ." ಅಲ್ಲಿಗೆ ಗಂಟಲು ಕಟ್ಟಿತು.

"ಮುಷ್ಕರ ಬೇರೆ, ಮದುವೆ ಬೇರೆ!"

"ಹೌದು," ಎಂದರು ಅತ್ತೆ. "ಮುಷ್ಕರ ಒಂದಲ್ಲ ಒಂದಿನ ಮುಗಿಯುತ್ತೆ."

ಮಾವ ಕೈ ತೊಳೆದುಕೊಂಡು ಎದ್ದರು. ಬಾಗಿಲಲ್ಲಿ ನಿಂತು, "ಆ ಪುಟ ಇದ್ದ ಹಾಗೇ ಇರ್ಲಿ. ಭಾನುವಾರ ಬರೋರಿಗೆ ಆಮೇಲೆ ನಾನೇನು ಹೇಳ್ಲಿ?" ಎಂದರು. ಆ ದನಿ ಕೇಳಿ ನನಗೆ ಅಯ್ಯೋ ಎನಿಸಿತು. ಆದರೆ ಮರುದಿನ ಅವರು ಅದೇ ಪುಟವನ್ನು ಅತ್ತೆಯ ಕೈಗೇ ಕೊಟ್ಟು ಓದು ಎಂದರು. ಅತ್ತೆ ಓದಿದರು. "ಎರಡು," ಎಂದಾಗ ಮಾವ ಕಣ್ಣು ಮುಚ್ಚಿ, ತುಟಿ ಒತ್ತಿ ಹಿಡಿದು ಯೋಚಿಸಿ, "ಕೆಂಪು" ಎಂದರು. ನನ್ನ ಅಯ್ಯೋ ಅಲ್ಲಿಗೆ ಮುಗಿಯಿತು.

ನೀಲಿ ಪತ್ರಿಕೆಯದು ಸತ್ಯವೆಂದು ನಾನು ಹೇಳುತ್ತಿಲ್ಲ. ಆ ವಾರ ಯಾರು ಯಾರಿಗೆ ಊಟ ಹಾಕಿಸಿದ್ದರೋ ನಾನು ಕಂಡವಳಲ್ಲ. ಆದರೆ ಕುರುಡುಗಣ್ಣಿಗಿಂತ ಮೆಳ್ಳೆಗಣ್ಣು ವಾಸಿ. ನೀಲಿಯವರು ಕೊನೆಯ ಪಕ್ಷ ಆ ವಾರ ಕಚೇರಿಗೆ ಬಂದಿದ್ದರು.

ಪುಸ್ತಕ ಮಾವನದು. ಅವರ ಪುಟವನ್ನು ತಿದ್ದುವ ಹಕ್ಕು ನನಗಿಲ್ಲ, ನಾನು ತಿದ್ದಿಲ್ಲ. ಈ ಪರಿಚಯ ಮಾತ್ರ ನನ್ನದು. "ಆ ಎರಡನೇ ಸ್ಥಾನದ ಕಥೆ ಮರೀದೆ ಹಾಕಮ್ಮ, ಅದೇ ಮುಖ್ಯ," ಎಂದು ಪ್ರೆಸ್ಸಿನವರು ಹೇಳಿದ್ದರು. ಹಾಕಿದ್ದೇನೆ. ಹಾಡಿನ ಕಂಪನಿಯವರು ಇದನ್ನು ಓದಿದರೆ, ಮುನ್ನುಡಿಯ ನಿಯಮದ ಪ್ರಕಾರ ಆ ವಾರ ಯಾವ ಹಾಡು ಒಂದನೇ ಸ್ಥಾನದಲ್ಲಿತ್ತು ಎಂದು ಅವರೇ ನೋಡಿಕೊಳ್ಳಬಹುದು.

ಅಚ್ಚಿಗೆ ಹೋಗುವ ಪ್ರತಿ ಪುಟವನ್ನೂ ಮಾವ ಮೊದಲು ಕೇಳಬೇಕು, ಅದು ಈ ಮನೆಯ ಕ್ರಮ. ಈ ಪುಟಗಳನ್ನು ನಾನು ಅತ್ತೆಯ ಕೈಗೆ ಕೊಡುವುದಿಲ್ಲ. ನಾಳೆ ಬೆಳಿಗ್ಗೆ ಟೀ ಆದ ಮೇಲೆ ಮಾವನ ಕುರ್ಚಿಯ ಎದುರಿಗೆ ನಿಂತು ನಾನೇ ಗಟ್ಟಿಯಾಗಿ ಓದುತ್ತೇನೆ. ಆಮೇಲೆ ನಡೆದುಕೊಂಡು ಹೋಗಿ ಪ್ರೆಸ್ಸಿಗೆ ಕೊಟ್ಟು ಬರುತ್ತೇನೆ.