ಬಿಜಲಿಯ ಕೆಮ್ಮು, ನನ್ನ ಮೊದಲ ಸಹಿ

"ನಾಟಿ ಹಚ್ಚಾಕಿ ಮಗಳು ಡಾಕ್ಟ್ರು ಆಗ್ತಾಳಂತ? ಆಕಾಶಕ್ಕ ಏಣಿ ಹಾಕ್ಯಾಳ ನೋಡ್ರಿ!" ಎಂದವರು ನಮ್ಮ ಸೋದರಮಾವ ಹನುಮಂತಪ್ಪ. ಅವ್ವ ಗದ್ದೆ ಕೂಲಿ ಮಾಡಿ ನಡೆಸುತ್ತಿದ್ದ ಕರೂರಿನ ನಮ್ಮ ಮನೆಯಲ್ಲಿ ಕಾಲೇಜಿಗೆ ಹೋದವಳು ನಾನೇ ಮೊದಲು. ಎರಡನೇ ಪ್ರಯತ್ನದಲ್ಲಿ ಪಶುವೈದ್ಯಕೀಯ ಸೀಟು ಸಿಕ್ಕಿತು, ಓದಿ ಪಾಸಾದೆ. ಹೋದ ವರ್ಷ ಬಳ್ಳಾರಿಯ ಒಂದು ಚಿಕಿತ್ಸಾಲಯಕ್ಕೆ ಸೇರಿ ಮೂರು ತಿಂಗಳಾಗಿತ್ತು. ಕುರುಗೋಡಿನಿಂದ ಫೋನ್ ಬಂತು.

ಖಾದರ್ ಸಾಬರ ಓಟದ ಕುದುರೆ ಬಿಜಲಿಗೆ ಕೆಮ್ಮು. ಅಂದೇ ಹೋಗಿ ನೋಡಿದೆ. ಓಡಿಸಿದರೆ ಸಾಕು ಕೆಮ್ಮುತ್ತಿತ್ತು, ನಿಂತರೆ ಮೂಗಿನಲ್ಲಿ ಬಿಳಿ ಸಿಂಬಳ. ಜ್ವರ ಇರಲಿಲ್ಲ, ಮೇವೂ ಬಿಟ್ಟಿರಲಿಲ್ಲ. ಎರಡು ತಿಂಗಳಿಗೆ ಪಂದ್ಯ. ಉಸಿರು ಸರಿಯಿದೆ ಎಂದು ಡಾಕ್ಟರ್ ಬರೆದುಕೊಡದಿದ್ದರೆ ಕುದುರೆಯನ್ನು ಕಣಕ್ಕೆ ಬಿಡುವುದಿಲ್ಲ.

"ಒಂದು ಸೂಜಿ ಹಾಕಿ ಚೀಟಿ ಬರ್ದುಬಿಡ್ರಿ ಮೇಡಂ. ಆಗಲ್ಲಾಂದ್ರ ಹೇಳ್ರಿ, ದೊಡ್ಡ ಡಾಕ್ಟ್ರನ್ನ ಕರಸ್ತೀನಿ," ಎಂದರು ಸಾಬರು.

ಒಳಗೊಳಗೇ ಭಯವಾಯಿತು. ಆದರೂ ಸೂಜಿ ಹಾಕಲಿಲ್ಲ. "ನಾಳಿ ಮುಂಜಾನಿ ಮೇವು ಹಾಕೋ ಹೊತ್ತಿಗೆ ಬರ್ತೀನ್ರಿ," ಎಂದೆ.

ಮರುದಿನ ಮೊದಲ ಬಸ್ಸಿಗೆ ಹೋದೆ. ಸಾಬರು ಸಿರುಗುಪ್ಪದಿಂದ ತರಿಸಿದ ಭತ್ತದ ಹುಲ್ಲನ್ನು ಬಿಜಲಿಯ ಮೂಗಿನ ಮುಂದಿನ ಕಂಬಕ್ಕೇ ಬಡಿಬಡಿದು ಜಾಡಿಸುತ್ತಿದ್ದರು. ಲಾಯದ ತುಂಬ ಧೂಳು, ಬೂಷ್ಟಿನ ವಾಸನೆ. ಗಂಜಳದ ಘಾಟಿಗೆ ನನ್ನ ಕಣ್ಣೇ ಉರಿಯಿತು.

"ಯಾಕ್ರಿ ಹಿಂಗ ಬಡೀತೀರಿ?"

"ಧೂಳು ಇದರ ಹೊಟ್ಟಿಗೆ ಹೋಗಬಾರ್ದಲ್ಲಮ್ಮಾ! ಮಗಳ್ನ ಸಾಕಿದಂಗ ಸಾಕೀನಿ."

"ಹೊಟ್ಟಿಗಲ್ರಿ ಸಾಬ್ರೆ, ಸೀದಾ ಎದಿಗೆ ಹೋಗಾಕತ್ತೈತಿ."

ಎತ್ತಿದ ಕೈ ಅಲ್ಲೇ ನಿಂತಿತು.

ಹುಲ್ಲು ನೆನೆಸಿ ನೆಲದ ಮೇಲೆ ಇಡಿ, ಗುಡಿಸುವಾಗ ಕುದುರೆ ಹೊರಗಿರಲಿ, ಗಂಜಳ ದಿನಾ ತೊಳೆಯಿರಿ, ಒಂದು ತಿಂಗಳು ಓಡಿಸಬೇಡಿ ಎಂದೆ. "ಹುಲ್ಲು ತೋಯ್ಸಾಕ ಐದು ವರ್ಷ ಓದಿದ್ರೇನ್ರಿ?" ಎಂದು ಸಾಬರ ಅಳಿಯ ನಕ್ಕ. ನಮ್ಮ ಚಿಕಿತ್ಸಾಲಯದ ಹಿರಿಯ ಡಾಕ್ಟರೇ ಬಂದು ಶ್ವಾಸನಾಳಕ್ಕೆ ಕ್ಯಾಮೆರಾದ ನಳಿಗೆ ಇಳಿಸಿ ನೋಡಿದರು, ಒಳಗಿನ ಲೋಳೆಯನ್ನೂ ಪರೀಕ್ಷೆಗೆ ಕಳಿಸಿದರು. ವರದಿ ಬಂದ ಮೇಲೆ, "ಸೋಂಕಲ್ಲ ಇದು, ಧೂಳಿನ ಉರಿಯೂತ. ಈಕಿ ಹೇಳಿದಂಗ ಮಾಡ್ರಿ," ಎಂದರು.

ಪಂದ್ಯಕ್ಕೆ ವಾರವಿರುವಾಗ ಬಿಜಲಿ ಮೈದಾನ ಎರಡು ಸುತ್ತು ಓಡಿ ಬಂತು. ಒಂದೇ ಒಂದು ಕೆಮ್ಮಿಲ್ಲ. ನಳಿಗೆ ಇಳಿಸಿ ನೋಡಿದರೆ ಶ್ವಾಸನಾಳ ಸ್ವಚ್ಛ. "ಸಹಿ ನೀನೇ ಹಾಕವಾ," ಎಂದರು ಹಿರಿಯರು. ಸರ್ಟಿಫಿಕೇಟಿನ ಕೆಳಗೆ ನನ್ನ ಹೆಸರು ಬರೆದೆ. ಪದವಿ ಪಡೆದ ದಿನವೂ ಅಷ್ಟು ಹೆಮ್ಮೆ ಆಗಿರಲಿಲ್ಲ. ಈಗಲೂ ನೆನೆದರೆ ಬೆನ್ನು ನೆಟ್ಟಗಾಗುತ್ತದೆ.

ಪಂದ್ಯದ ದಿನ ಕುದುರೆ ನೋಡಬೇಕೆಂದು ಅವ್ವನೂ ಜೊತೆಗೆ ಬಂದಿದ್ದಳು. ಸರ್ಟಿಫಿಕೇಟನ್ನು ಪಂದ್ಯ ನಡೆಸುವವನ ಕೈಗೆ ಕೊಟ್ಟೆ. ಅವನು ಓದಿ, ತಲೆಯಾಡಿಸಿ, ನನ್ನ ಹಿಂದೆ ನಿಂತಿದ್ದ ಅವ್ವನನ್ನು ನೋಡಿದ.

"ಏನವಾ, ಲಾಯದ ಕೂಲಿಗೆ ಬಂದೀಯೇನು?"

ಅವ್ವ ಸೆರಗು ಸರಿಮಾಡಿಕೊಂಡಳು.

"ಹೌದಪ್ಪಾ, ಕೂಲಿಯಾಕಿನೇ. ಈ ಡಾಕ್ಟ್ರನ್ನ ಹಡದಾಕಿ."