ಉಳಿದರ್ಧ ಇದೇ ರೀತಿ

ಡಬ್ಲಿನ್ ಪಕ್ಕದ ಲೂಕನ್ನಿನ ನಮ್ಮ ಮನೆಯ ಮಹಡಿಯಲ್ಲಿ ಒಂದು ಪುಟ್ಟ ಕೋಣೆ ಇದೆ. ಇಲ್ಲಿಯವರು ಅದನ್ನು ಬಾಕ್ಸ್ ರೂಮ್ ಅನ್ನುತ್ತಾರೆ. ಒಂದು ಮಂಚ ಹಾಕಿದರೆ ಮನುಷ್ಯ ಅಡ್ಡಡ್ಡ ನಡೆಯಬೇಕು. ಕಳೆದ ವಾರ ಅದಕ್ಕೆ ಬಣ್ಣ ಹೊಡೆಯಲು ಹೊರಟು ಕಪಾಟನ್ನು ಎಳೆದೆ. ಹಿಂದಿನಿಂದ ವಾಲ್‌ಪೇಪರಿನ ಸುರುಳಿಯೊಂದು ಉರುಳಿ ಬಿತ್ತು. ಬಿಡಿಸಿದರೆ ಹಿಂಬದಿಯಲ್ಲಿ ಪೆನ್ಸಿಲಿನ ಒಂದು ಅರಮನೆ. ಬ್ರಷ್ಷನ್ನು ಅಲ್ಲೇ ಇಟ್ಟು ನೆಲದ ಮೇಲೆ ಕೂತುಬಿಟ್ಟೆ. ಕೆಲಸ ತಪ್ಪಿಸಿಕೊಳ್ಳಲು ನನಗೆ ಯಾವ ನೆಪವಾದರೂ ಸಾಕು, ನಿಜ. ಆದರೆ ಇದನ್ನು ಕಂಡಮೇಲೆ ಯಾರು ತಾನೇ ಬಣ್ಣ ಹೊಡೆಯುತ್ತಾರೆ, ಪೂರ್ತಿ ಕೇಳಿ ನೀವೇ ಹೇಳಿ.

ಅದನ್ನು ಬರೆದವರು ನನ್ನ ಮಾವ. ಮೈಸೂರಿನಲ್ಲಿ ಸರ್ಕಾರಿ ಡ್ರಾಫ್ಟ್ಸ್‌ಮನ್ ಆಗಿ ಕಟ್ಟಡಗಳ ನಕ್ಷೆ ಬರೆಯುತ್ತಿದ್ದು ನಿವೃತ್ತರಾದವರು. ಕೊರೊನಾ ಬಂದ ವರ್ಷ ಮಗಳು ಮೊಮ್ಮಗಳನ್ನು ನೋಡಿಕೊಂಡು ಹೋಗಲು ಬಂದು, ವಿಮಾನಗಳು ನಿಂತದ್ದರಿಂದ ನಮ್ಮಲ್ಲೇ ಉಳಿದರು. ಎಪ್ಪತ್ತು ದಾಟಿದವರು ಗೇಟು ದಾಟಬಾರದೆಂದು ಇಲ್ಲಿಯ ಸರ್ಕಾರ ಹೇಳಿತು, ಅದಕ್ಕೆ 'ಕೊಕೂನಿಂಗ್' ಎಂದು ಹೆಸರೂ ಇಟ್ಟಿತು. "ಅಂದ್ರೆ ನನ್ನನ್ನ ರೇಷ್ಮೆಗೂಡಲ್ಲಿ ಇಟ್ಟಿದಾರೆ ಅನ್ನಿ. ಕೊನೆಗೆ ಬಿಸಿನೀರಿಗೆ ಹಾಕದಿದ್ರೆ ಸಾಕು," ಎಂದು ಮಾವ ನಕ್ಕರು.

ಹೊತ್ತು ಹೋಗಲೆಂದು ಮಿಕ್ಕಿದ್ದ ವಾಲ್‌ಪೇಪರಿನ ಹಿಂಬದಿಗೆ ಪೆನ್ಸಿಲ್ ಹಚ್ಚಿದರು. ಇಪ್ಪತ್ತನಾಲ್ಕನೇ ವಯಸ್ಸಿನಲ್ಲಿ ಅವರು ಅಳತೆ ತೆಗೆದಿದ್ದ, ಬೆಟ್ಟದ ಮೇಲಿನ ಬೇಸಿಗೆ ಅರಮನೆ ಅದು. ಯಾವುದೋ ಕಾಲದ ರಾಜರು ವರ್ಷಕ್ಕೆರಡು ತಿಂಗಳು ತಂಪಾಗಿರಲೆಂದು ಕಟ್ಟಿಸಿದ್ದು. ನಕ್ಷೆ ಹಾಕಿದ ಬಿಳಿಯ ಎಂಜಿನಿಯರು ಗ್ರೀಸಿನ ಗುಡಿಗಳನ್ನು ಕಣ್ಣಾರೆ ಕಂಡವನಲ್ಲವಂತೆ, ಪುಸ್ತಕ ನೋಡಿಯೇ ಕಂಬ ಎತ್ತಿಸಿದನಂತೆ. ಮುಂದೆ ಆರು ದಪ್ಪ ಕಂಬ, ಅದರ ಮೇಲೆ ತ್ರಿಕೋನದ ನೆತ್ತಿ, ನಡುವೆ ಗುಮ್ಮಟ. ಕಂಬಗಳು ಅಮೃತಶಿಲೆಯವೆಂದು ನೋಡಿದವರು ಬೆರಗಾಗಬೇಕು. ಒಳಗಿರುವುದು ನಮ್ಮೂರ ಇಟ್ಟಿಗೆ, ಮೇಲೆ ಉಜ್ಜಿ ಉಜ್ಜಿ ಹೊಳಪು ಬರಿಸಿದ ಸುಣ್ಣದ ಗಾರೆ. ಎಡಗಡೆ ಎಷ್ಟು ಕಿಟಕಿಯೋ ಬಲಗಡೆಯೂ ಅಷ್ಟೇ ಇರಬೇಕು, ಆ ಬಗೆಯ ಕಟ್ಟಡಗಳಿಗೆ ಅದೊಂದು ಹುಚ್ಚು. ಲಾಕ್‌ಡೌನಿಗೆ ಮುಂಚೆ ಪಕ್ಕದೂರು ಲೀಕ್ಸ್‌ಲಿಪ್ಪಿನ ಆಚೆ ಒಂದು ಹಳೆಯ ದೊಡ್ಡ ಬಂಗಲೆಗೆ ಅವರನ್ನು ಕರೆದೊಯ್ದಿದ್ದೆವು. "ಅರೆ, ಇದು ನಮ್ಮ ಅರಮನೆಯ ಅಣ್ಣ!" ಎಂದು ಮಾವ ಚಳಿಯಲ್ಲಿ ಕಿಟಕಿ ಎಣಿಸುತ್ತ ನಿಂತಿದ್ದರು. ನಾನೋ, ಕಾಫಿ ಎಲ್ಲಿ ಸಿಗುತ್ತದೆಂದು ಹುಡುಕುತ್ತಿದ್ದೆ.

ಮಾವ ಕೆಳಗೆ ಅರಮನೆ ಬರೆಯುತ್ತಿದ್ದಾಗ ನನ್ನ ಹೆಂಡತಿ ವೀಣಾ ಈ ಬಾಕ್ಸ್ ರೂಮಿನಲ್ಲಿದ್ದಳು. ಅವಳು ಡಾಕ್ಟರು, ಸೋಂಕು ಅವಳಿಗೇ ತಗುಲಿತ್ತು. ಬಾಗಿಲು ಯಾರೂ ತೆರೆಯಕೂಡದೆಂದು ಅವಳ ಅಪ್ಪಣೆ. ಅನ್ನ ಸಾರಿನ ತಟ್ಟೆ ಹೊರಗಿಟ್ಟು ಬರುತ್ತಿದ್ದೆ. ಹೇಗಿದ್ದೀಯ ಎಂದು ಮೆಸೇಜ್ ಹಾಕಿದರೆ, 'ಹಾಗೇ ಇದೆ, ಗ್ರ್ಯಾಂಡ್' ಎಂದು ಉತ್ತರ. ಇಲ್ಲಿಯವರ ಬಾಯಲ್ಲಿ ಗ್ರ್ಯಾಂಡ್ ಎಂದರೆ 'ಪರವಾಗಿಲ್ಲ, ಚೆನ್ನಾಗಿದ್ದೇನೆ' ಎಂದಷ್ಟೇ. ಮಾವ ಕೇಳಿದರೆ ನಾನೂ "ಹಾಗೇ ಇದೆ" ಎಂದು ದಾಟಿಸಿ, ಸಿಟಿವೆಸ್ಟಿನಲ್ಲಿರುವ ನನ್ನ ಆಫೀಸಿನ ಮೀಟಿಂಗಿಗೆಂದು ಮನೆಯಲ್ಲೇ ಕಂಪ್ಯೂಟರಿನ ಮುಂದೆ ಕೂರುತ್ತಿದ್ದೆ.

ವೀಣಾ ಕೋಣೆ ಸೇರಿದ ಏಳನೆಯ ದಿನ ಮಧ್ಯಾಹ್ನ ಮಾವ ಅರಮನೆಯ ಎಡಗಡೆ ಮುಗಿಸಿ, ನಡುಗೆರೆಯಲ್ಲಿ ಪೆನ್ಸಿಲ್ ನಿಲ್ಲಿಸಿದ್ದರು. ಏಳು ವರ್ಷದ ನಮ್ಮ ಮಗಳು ಅನು ತನ್ನ ಡಬ್ಲಿನ್ ರಾಗದಲ್ಲಿ ಕೇಳಿದಳು: "ವೇರ್ಸ್ ದಿ ಅದರ್ ಹಾಫ್, ತಾತ?"

"ನಮ್ಮ ಕೆಲಸದಲ್ಲಿ ಅರ್ಧ ಬರೆದ್ರೆ ಸಾಕು ಪುಟ್ಟಿ. ಈ ಕಡೆ 'ಉಳಿದರ್ಧ ಇದೇ ರೀತಿ' ಅಂತ ಬರೆದುಬಿಡ್ತೀವಿ," ಎಂದರು. ಆಮೇಲೆ ನನ್ನ ಕಡೆ ತಿರುಗಿದರು. "ನಾನೂ ಹಂಗೇ ಬರೆದಿದ್ದೆ. ಬಿಸಿಲು ಜಾಸ್ತಿ ಇತ್ತು, ಬಲಗಡೆ ಏಣಿ ಹತ್ತಲೇ ಇಲ್ಲ. ರಿಪೇರಿ ಟೈಮಲ್ಲಿ ಬಡಗಿ ಹೊಸ ಕಿಟಕಿ ಹೊತ್ಕೊಂಡು ಮೇಲೆ ಹೋದ್ರೆ ಅಲ್ಲಿ ಬರೀ ಗೋಡೆ! ಆ ಗೋಡೆ ಹಿಂದುಗಡೆ ಮೆಟ್ಟಿಲಿತ್ತು, ಕಿಟಕಿ ಇಡೋ ಹಾಗಿರ್ಲಿಲ್ಲ. ಸಾಲು ಕೆಡಬಾರದು ಅಂತ ಗಾರೆಯಲ್ಲೇ ಕಿಟಕಿ ಆಕಾರ ತೆಗೆದಿದ್ರು. ಕೆಳಗಿಂದ ನೋಡಿದ್ರೆ ಎರಡೂ ಒಂದೇ. ಎಲ್ಲರ ಮುಂದೆ ನನ್ನ ಮಾನ ಹೋಯ್ತು."

ನಾನು ನಕ್ಕೆ. ಅವರು ನಗಲಿಲ್ಲ.

"ವೀಣಾ ಹೇಗಿದಾಳೆ?"

"ಹಾಗೇ ಇದೆ, ಮಾವ."

"ನೀವು ಹತ್ತಿ ನೋಡಿದ್ರಾ?"

ನನಗೆ ರೇಗಿತು. "ಅವಳೇ ಡಾಕ್ಟರಲ್ವಾ ಮಾವ? ಬಾಗಿಲು ತೆಗೀಬೇಡಿ ಅಂದಿದಾಳೆ."

ಮಾವ ಮಂಡಿಯ ಮೇಲೆ ಕೈಯೂರಿ ಎದ್ದು, ಕಂಬಿ ಹಿಡಿದು ಮೆಟ್ಟಿಲು ಹತ್ತತೊಡಗಿದರು. ಈ ವಯಸ್ಸಿನಲ್ಲಿ ಅವರಿಗೂ ತಗುಲಿದರೆ ಗತಿಯೇನು? ಓಡಿ ಹೋಗಿ ತಡೆದೆ. ಮಾಸ್ಕ್ ಹಾಕಿಕೊಂಡು ನಾನೇ ಹತ್ತಿ ಬಾಗಿಲು ತೆರೆದೆ.

ವೀಣಾ ಮಂಚದ ಅಂಚಿನಲ್ಲಿ ಮುಂದಕ್ಕೆ ಬಾಗಿ ಕೂತಿದ್ದಳು. "ಗ್ರ್ಯಾಂಡ್..." ಎಂದಳು, ಮುಂದಿನ ಪದಕ್ಕೆ ಉಸಿರು ಸಾಲಲಿಲ್ಲ. ತುಟಿ ನೀಲಿಯಾಗಿತ್ತು. ಬೆರಳಿಗೆ ಸಿಕ್ಕಿಸುವ ಆಕ್ಸಿಮೀಟರು ಮೇಜಿನ ಮೇಲೆ ಬೋರಲು ಬಿದ್ದಿತ್ತು. ಆಂಬ್ಯುಲೆನ್ಸಿಗೆ ಫೋನ್ ಮಾಡುವಾಗ ನಮ್ಮದೇ ಮನೆಯ ವಿಳಾಸ ಹೇಳಲು ತೊದಲಿದೆ.

ಒಂಬತ್ತು ದಿನದ ಮೇಲೆ ಮನೆಗೆ ಬಂದಳು. "ಆಸ್ಪತ್ರೆಗೆ ಹೋಗೋ ಮುಂಚೆ ಎರಡು ದಿನ ಆ ಆಕ್ಸಿಮೀಟರ್ ನಂಬರ್ ನೋಡೋಕೆ ಭಯ ಆಗ್ತಿತ್ತು ಕಣೋ," ಎಂದಳು. ನನಗೆ ಅವಳ ಮೇಲೆ ಸಿಟ್ಟು ಬರಲಿಲ್ಲ, ನನ್ನ ಮೇಲೆ ನಾಚಿಕೆಯಾಯಿತು. ಹದಿಮೂರು ಮೆಟ್ಟಿಲು, ಅಷ್ಟೇ. ಏಳು ದಿನದಲ್ಲಿ ಒಮ್ಮೆಯೂ ನಾನು ಆ ಬಾಗಿಲನ್ನು ತಟ್ಟಿ ಅವಳ ದನಿ ಕೇಳಿರಲಿಲ್ಲ.

ಅವಳು ಆಸ್ಪತ್ರೆಯಲ್ಲಿದ್ದ ಆ ಒಂಬತ್ತು ದಿನವೂ ಮಾವ ಬಲಗಡೆಯ ಅರ್ಧ ಬರೆಯುತ್ತಿದ್ದರು. ಕಳೆದ ವಾರ ಕಪಾಟಿನ ಹಿಂದೆ ಸಿಕ್ಕ ಸುರುಳಿಯನ್ನು ಪೂರ್ತಿ ಬಿಡಿಸಿ ನೋಡಿದೆ. ಒಂದೊಂದು ಕಿಟಕಿಯೂ ಬೇರೆಬೇರೆಯಾಗಿ ಬರೆದದ್ದು. ಸುಳ್ಳು ಕಿಟಕಿಯ ಮೇಲೆ ಮಾತ್ರ ಒತ್ತೊತ್ತಾಗಿ ಗೆರೆ ಎಳೆದಿದ್ದಾರೆ, ಕಾಗದ ಹರಿಯುವಷ್ಟು.

ನೆಲದ ಮೇಲೆ ಹಾಗೆ ಕೂತಿದ್ದಾಗಲೇ ಮೈಸೂರಿನಿಂದ ಅವರದೇ ಫೋನ್ ಬಂತು. ಕಾಫಿ ಆಯ್ತಾ, ಅನು ಎಲ್ಲಿ ಎಂದೆಲ್ಲ ಆದಮೇಲೆ ಕೇಳಿದರು: "ವೀಣಾ ಹೇಗಿದಾಳೆ?"

ಚೆನ್ನಾಗಿದಾಳೆ ಎನ್ನಲು ಬಾಯಿ ತೆರೆದಿದ್ದೆ. ಬೆಳಿಗ್ಗೆಯಿಂದ ನಾನು ಅವಳ ಮುಖ ನೋಡಿರಲಿಲ್ಲ.

"ಒಂದ್ನಿಮಿಷ ಇರಿ ಮಾವ," ಎಂದು ಎದ್ದು, ಅವಳಿದ್ದ ಅಡುಗೆಮನೆಗೆ ಮೆಟ್ಟಿಲಿಳಿದೆ.