ಗುರುದೇವಿ ರೊಟ್ಟಿ ತರದ ಶನಿವಾರ

ಕಾಚಿಗೂಡದ ಹೆಂಗಸರ ಬರವಣಿಗೆ ಕೂಟದಲ್ಲಿ ಗುರುದೇವಿಯ ಓದುವ ಸರದಿ ಬರುವಷ್ಟರಲ್ಲಿ ಪ್ರತಿ ಶನಿವಾರವೂ ಚಹಾದ ಹೊತ್ತಾಗುತ್ತಿತ್ತು. ಓಣಿಯ ಮನೆಗಳಿಗೆ ಜೋಳದ ರೊಟ್ಟಿ ಬಡಿದು ಕೊಡುವವಳು ಅವಳೇ, ಹಾಗಾಗಿ ಇಲ್ಲಿ ಬುಟ್ಟಿ ಬಿಚ್ಚಿ ಬಡಿಸುವವಳೂ ಅವಳೇ. ತಿಂದವರು ಕೈ ತೊಳೆದು ಬಸ್ಸು ಹಿಡಿಯುತ್ತಿದ್ದರು. ಎರಡು ವರ್ಷ ಇದೇ ಹಾಡು.

ಹೋದ ವಾರ ಕೂಟ ನಡೆಸುವ ಶಾಂಭವಿ, ಗುರುದೇವಿಯ ರೊಟ್ಟಿ ಬಡಿಯುವ ಕೈಗಳ ಕುರಿತೇ ಕವಿತೆ ಓದಿದರು. ಎಲ್ಲರೂ ಚಪ್ಪಾಳೆ ತಟ್ಟಿದರು. ಆ ಕೈ ಏನು ಬರೆದಿದೆ ಎಂದು ಕೇಳುವ ಪುಣ್ಯಾತ್ಗಿತ್ತಿ ಒಬ್ಬಳೂ ಇರಲಿಲ್ಲ. ಗುರುದೇವಿಗೆ ಮೈಯೆಲ್ಲ ಉರಿಯಿತು.

ಈ ವಾರ ಅವಳು ನೋಟ್‌ಬುಕ್ ಒಂದನ್ನೇ ಹಿಡಿದು ಬಂದಳು.

“ರೊಟ್ಟಿ ಬುಟ್ಟಿ ಎಲ್ಲಿ ಗುರುದೇವಿ?” ಎಂದರು ಶಾಂಭವಿ.

“ಉಣ್ಣೋದು ನಿಮ್ಮ ಮನ್ಯಾಗ ಉಣ್ರಿ ಅಕ್ಕಾರ. ಇಲ್ಲಿ ನಾ ಓದಾಕತ್ತೀನಿ, ಕುಂತು ಕೇಳ್ರಿ.”